ಗಾಳಿಮರ: ತೋಟಕ್ಕೆ ಅಂದ, ಬೆಳೆಗೆ ಆಸರೆ



ಶಾಲೆಯ ಅಂಗಳದಲ್ಲೋ ಪ್ರವಾಸಿ ಮಂದಿರದ ಮುಂದೆಯೋ ನವಿರಾದ ಹಸಿರು ಎಳೆಗಳನ್ನು ಇಳಿಬಿಟ್ಟು, ಗಾಳಿಗೆ ಸುಯ್ಯೆಂದು ಸದ್ದು ಮಾಡುವ ಎತ್ತರದ ಮರವನ್ನು ನೀವು ನೋಡಿರುತ್ತೀರಿ. ಕೆಲವು ಕಡೆ ಅದನ್ನು ಗಾಳಿಮರ ಎನ್ನುತ್ತಾರೆ, ಕೆಲವು ಕಡೆ ಸರ್ವೆ ಮರ ಎನ್ನುತ್ತಾರೆ. ಅಂದಕ್ಕಾಗಿ ಮನೆಯ ಮುಂದೆ ನೆಡುವವರೂ ಉಂಟು. ಆದರೆ ಸರಿಯಾದ ಜಾಗದಲ್ಲಿ ನೆಟ್ಟರೆ ಮಾತ್ರ ಈ ಮರದಿಂದ ಉಪಕಾರ. ತಪ್ಪಿದರೆ ಬೆಳೆಗೇ ಕುತ್ತು.

ನೋಡಲು ಇದು ಹಿಮಾಲಯದ ದೇವದಾರು, ಪೈನ್ ಮರಗಳ ಬಳಗದಂತೆ ಕಂಡರೂ ಆ ಬಳಗಕ್ಕೆ ಸೇರಿದ್ದಲ್ಲ. ನಾವು ಸೂಜಿ ಎಲೆ ಎಂದುಕೊಳ್ಳುವುದು ಸಣ್ಣ ಕಡ್ಡಿ. ಒಂದು ಎಳೆಯನ್ನು ಮೆಲ್ಲಗೆ ಎಳೆದು ನೋಡಿರಿ, ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಆ ಗೆಣ್ಣಿನ ಸುತ್ತ ಹಲ್ಲಿನಂತೆ ಕಾಣುವ ಪುಟ್ಟ ಚಕ್ಕೆಗಳೇ ಇದರ ಎಲೆಗಳು. ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಮರಕ್ಕೆ ಒದಗಿಸುತ್ತವೆ. ಆದ್ದರಿಂದ ಸಾರವಿಲ್ಲದ ಮರಳು ನೆಲದಲ್ಲೂ ಬೆಳೆಯುತ್ತದೆ. ನಮ್ಮ ನಾಡಿನಲ್ಲಿ 1868ರ ಸುಮಾರಿಗೆ ಕಾರವಾರದ ಕಡೆ ಇದನ್ನು ಬೆಳೆಸತೊಡಗಿದರು.

ಎಲ್ಲಿ ನೆಡಬೇಕು? ಗೊನೆ ಬಿಟ್ಟ ಬಾಳೆ ಒಂದೇ ಬಿರುಗಾಳಿಗೆ ನೆಲಕಚ್ಚಿದರೆ ವರ್ಷದ ದುಡಿಮೆ ಹೋದಂತೆ. ಬಾಳೆ, ವೀಳ್ಯದೆಲೆ ತೋಟವಿದ್ದವರು ಗಾಳಿ ಬರುವ ದಿಕ್ಕಿನ ಅಂಚಿನಲ್ಲಿ ಗಾಳಿಮರದ ಎರಡು ಸಾಲು ಹಾಕಲಿ. ಮುಂಗಾರಿನ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಗಿಡದಿಂದ ಗಿಡಕ್ಕೆ 6 ಅಡಿ ಅಂತರವಿರಲಿ. ಒಂದು ಸಾಲಿನ ಎರಡು ಗಿಡಗಳ ಸಂದಿಗೆ ಇನ್ನೊಂದು ಸಾಲಿನ ಗಿಡ ಬರಲಿ. ಮರದ ಎತ್ತರದ ಸುಮಾರು ಹತ್ತರಷ್ಟು ದೂರದವರೆಗೆ ಗಾಳಿಯ ರಭಸ ತಗ್ಗುತ್ತದೆ. ಎಂದರೆ 30 ಅಡಿ ಎತ್ತರದ ಸಾಲು 300 ಅಡಿ ತೋಟಕ್ಕೆ ಮರೆಯಾಗುತ್ತದೆ.

ಎಲ್ಲಿ ನೆಡಬಾರದು? ನೀರು ನಿಲ್ಲುವ ಎರೆ ಭೂಮಿ ಇದಕ್ಕೆ ಒಗ್ಗದು. ಉದುರಿದ ಒಣ ಕಡ್ಡಿಗೆ ಬೆಂಕಿ ಬೇಗ ಹತ್ತುವುದರಿಂದ ಹುಲ್ಲಿನ ಬಣವೆಯ ಹತ್ತಿರ ಬೇಡ. ಬಾವಿಯ ಬಳಿ ನೆಟ್ಟರೆ ಕಸವೆಲ್ಲ ನೀರಿಗೆ ಬೀಳುತ್ತದೆ. ಬೆಳೆಗೆ ತಾಗಿಸಿ ನೆಟ್ಟರೆ ಬೇರು ನೀರನ್ನೂ ಸಾರವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಮರಕ್ಕೂ ಬೆಳೆಗೂ ನಡುವೆ ಜಾಗ ಬಿಟ್ಟು, 2 ಅಡಿ ಆಳದ ಕಂದಕ ತೋಡಿರಿ.

ನೆಡುವ ಕ್ರಮ: ಸಸಿಗಳಿಗಾಗಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಿರಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಮಳೆ ಹಿಡಿದ ಮೇಲೆ ಸಸಿ ನೆಡಿರಿ. ಮೊದಲ ಎರಡು ಬೇಸಿಗೆ ನೀರು ಕೊಡಿರಿ. ಆಡು, ಕುರಿ ಬಾಯಿ ಹಾಕದಂತೆ ಬೇಲಿ ಕಟ್ಟಿರಿ. ತುದಿ ಕತ್ತರಿಸಬೇಡಿರಿ.

ಮುಂದೆ ಗಳುವಿಗೂ ಸೌದೆಗೂ ಒಳ್ಳೆಯ ಬೆಲೆ ಬರುವ ಮರವಿದು. ಆದರೆ ಬುಡಕ್ಕೆ ಕಡಿದರೆ ಚೆನ್ನಾಗಿ ಚಿಗುರುವುದಿಲ್ಲ. ಎರಡೂ ಸಾಲುಗಳನ್ನು ಒಟ್ಟಿಗೆ ಕಡಿದರೆ ತೋಟ ಬಯಲಿಗೆ ಬೀಳುತ್ತದೆ. ಒಂದು ಸಾಲು ಕಡಿದು, ಅಲ್ಲಿ ಹೊಸ ಸಸಿ ನೆಟ್ಟು, ಅವು ಎದ್ದು ನಿಂತ ಮೇಲೆಯೇ ಇನ್ನೊಂದಕ್ಕೆ ಕೊಡಲಿ ಹಾಕಿರಿ.