ಒಂದೇ ಸೆರೆಮನೆಯಲ್ಲಿ ತಾಯಿ, ಮಗ

1880ರ ನವೆಂಬರ್ 11ರಂದು ಆಸ್ಟ್ರೇಲಿಯಾದ ಮೆಲ್ಬರ್ನ್ ಸೆರೆಮನೆಯಲ್ಲಿ ನೆಡ್ ಕೆಲ್ಲಿ ಎಂಬ ದರೋಡೆಕೋರನನ್ನು ಗಲ್ಲಿಗೇರಿಸಲಾಯಿತು. ಅವನ ತಾಯಿ ಎಲೆನ್ ಆಗ ಅದೇ ಸೆರೆಮನೆಯಲ್ಲಿ ಕೈದಿಯಾಗಿದ್ದಳು. ಕಬ್ಬಿಣದ ಕವಚ ತೊಟ್ಟು ಪೊಲೀಸರನ್ನು ಎದುರಿಸಿದ ಮಗನ ಕಥೆ ಪ್ರಸಿದ್ಧ. ತಾಯಿಯ ಬಾಳನ್ನು ಅರಿತವರು ವಿರಳ.

ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ ಹುಟ್ಟಿದ ಎಲೆನ್, 1841ರಲ್ಲಿ ಹೆತ್ತವರೊಡನೆ ಹಡಗೇರಿ ಬಂದ ಬಾಲಕಿ. 1850ರಲ್ಲಿ ಮೆಲ್ಬರ್ನಿನ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಜಾನ್ ಕೆಲ್ಲಿಯನ್ನು ವರಿಸಿದಳು. ಆತ ಎರಡು ಹಂದಿ ಕದ್ದ ತಪ್ಪಿಗೆ ಐರ್ಲೆಂಡಿನಿಂದ ಗಡೀಪಾರಾಗಿ ಶಿಕ್ಷೆ ಮುಗಿಸಿದ್ದವನು. ಎರಡು ಹಂದಿಗೆ ಏಳು ವರ್ಷ! 1866ರ ಕ್ರಿಸ್ಮಸ್ ಕಳೆದು ಎರಡೇ ದಿನಕ್ಕೆ ಆತ ತೀರಿಕೊಂಡಾಗ ಮನೆತುಂಬ ಮಕ್ಕಳು. ವಿಧವೆ ಗ್ರೇಟಾ ಎಂಬಲ್ಲಿ 88 ಎಕರೆ ಬಡಭೂಮಿ ಹಿಡಿದಳು. ಪರವಾನಗಿಯಿಲ್ಲದೆ ಮದ್ಯವನ್ನೂ ಮಾರಿದಳು. ಆಕೆಯನ್ನು ಸಾಧ್ವಿಯೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ.

1878ರ ಏಪ್ರಿಲ್‌ನಲ್ಲಿ ಕಿರಿಯ ಮಗ ಡ್ಯಾನ್‌ನನ್ನು ಬಂಧಿಸಲು ಫಿಟ್ಸ್‌ಪ್ಯಾಟ್ರಿಕ್ ಎಂಬ ಪೇದೆ ಮನೆಗೆ ಬಂದ. ನೆಡ್ ಗುಂಡು ಹಾರಿಸಿದನೆಂದೂ ತಾಯಿ ಸಲಿಕೆಯಿಂದ ಹೊಡೆದಳೆಂದೂ ದೂರಿದ. ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ, ಆತನೂ ಐರ್ಲೆಂಡಿನವನೇ, ಆಕೆಗೆ ಮೂರು ವರ್ಷ ಸೆರೆವಾಸ ವಿಧಿಸಿದ. ಮಡಿಲಲ್ಲಿ ಆಗಿನ್ನೂ ಎಳೆಗೂಸು. ಸಾಕ್ಷಿ ಹೇಳಿದ ಪೇದೆಯನ್ನು 1880ರಲ್ಲಿ ಇಲಾಖೆಯೇ ವಜಾಗೊಳಿಸಿತು. ಆದರೆ ತಾಯಿಯ ಶಿಕ್ಷೆ ತಪ್ಪಲಿಲ್ಲ.

ತೀರ್ಪು ಹೊರಬಿದ್ದ ಅದೇ ಅಕ್ಟೋಬರಿನಲ್ಲಿ ಕೆಲ್ಲಿಯ ತಂಡ ಕೆನಡಿ, ಲೋನಿಗನ್, ಸ್ಕ್ಯಾನ್ಲನ್ ಎಂಬ ಮೂವರು ಪೊಲೀಸರನ್ನು ಕೊಂದಿತು. ಮೂವರೂ ಐರ್ಲೆಂಡಿನ ಮಣ್ಣಿನವರು. ಕೆನಡಿ, ಲೋನಿಗನ್ನರ ಮನೆಗಳಲ್ಲಿಯೂ ಮಡದಿ ಮಕ್ಕಳಿದ್ದರು. ತಾಯಿಗಾದ ಅನ್ಯಾಯವೇ ಮಗನಿಗೆ ಸಮರ್ಥನೆ ಎನ್ನುವವರು ಆ ವಿಧವೆಯರನ್ನು ಮರೆಯುತ್ತಾರೆ. ನಾವು ಮರೆಯಲಾರೆವು.

1880ರ ಜೂನ್ 28ರಂದು ಗ್ಲೆನ್ರೋವನ್‌ನಲ್ಲಿ ಕಾಳಗ ನಡೆಯಿತು. ಅಂದು ರೈಲಿನಲ್ಲಿ ಸಾಗುತ್ತಿದ್ದ ಗುರು ಮ್ಯಾಥ್ಯೂ ಗಿಬ್ನಿ ಅಲ್ಲಿ ಇಳಿದರು. ಗಾಯಗೊಂಡ ನೆಡ್‌ನಿಗೆ ಅಂತ್ಯಸಂಸ್ಕಾರಗಳನ್ನು ನೀಡಿ, ಹೊತ್ತಿ ಉರಿಯುತ್ತಿದ್ದ ಹೋಟೆಲಿನೊಳಕ್ಕೆ ಶಿಲುಬೆ ಹಿಡಿದು ನಡೆದರು. ಒಳಗೆ ಡ್ಯಾನ್ ಹೆಣವಾಗಿದ್ದ. ಮುಂದೆ ಪರ್ತ್‌ನ ಧರ್ಮಾಧ್ಯಕ್ಷರಾದ ಈ ಗುರುಗಳು, ಒಳಗಿದ್ದವರು ಯೋಗ್ಯರೇ ಎಂದು ವಿಚಾರಿಸಿ ಬೆಂಕಿಗೆ ಕಾಲಿಟ್ಟವರಲ್ಲ.

ಎಲೆನ್ 1881ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಅದೇ ಬಡಭೂಮಿಗೆ ಮರಳಿದಳು. 1898ರಲ್ಲಿ ಮಗಳು ಕೇಟ್ ತೀರಿಕೊಂಡಾಗ ಅವಳ ಮಕ್ಕಳನ್ನು ಈ ಅಜ್ಜಿಯೇ ಸಾಕಿದಳು. ಮಗ ಜಿಮ್, ಹಿಂದೆ ತಾನೂ ಸೆರೆಮನೆ ಕಂಡವನು, ಮದುವೆಯಾಗದೆ ಆಕೆಯೊಡನೆ ಉಳಿದ. 1923ರ ಮಾರ್ಚ್ 27ರಂದು, ತೊಂಬತ್ತರ ಆಸುಪಾಸಿನಲ್ಲಿ ಆಕೆ ಕಣ್ಣುಮುಚ್ಚುವವರೆಗೂ ನೋಡಿಕೊಂಡವನು ಅವನೇ.