ನಿಮಗಿದು ಗೊತ್ತೆ? ಕಾಮಿಕ್ಸ್‌ನ ಸಾಮಾನ್ಯ ಗೂಢಚಾರಿಣಿ

‘ಕ್ವೀನ್ ಅಂಡ್ ಕಂಟ್ರಿ’ ಗ್ರೆಗ್ ರುಕ ಬರೆದ ಗೂಢಚಾರ ಕಾಮಿಕ್ಸ್ ಮಾಲೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ‘ಓನಿ ಪ್ರೆಸ್’ ಎಂಬ ಸ್ವತಂತ್ರ ಪ್ರಕಾಶನ ಇದನ್ನು 2001ರಿಂದ 2007ರವರೆಗೆ 32 ಸಂಚಿಕೆಗಳಲ್ಲಿ ಹೊರತಂದಿತು. ಒಳಪುಟಗಳೆಲ್ಲ ಕಪ್ಪು-ಬಿಳುಪು.

ನಾಯಕಿ ತಾರಾ ಚೇಸ್ ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಉದ್ಯೋಗಿ. ಆಕೆಗೆ ಅತಿಮಾನುಷ ಶಕ್ತಿಯಿಲ್ಲ, ಚಮತ್ಕಾರದ ಯಂತ್ರಗಳೂ ಇಲ್ಲ. ಸಿಗರೇಟು, ಮದ್ಯ, ನಿದ್ದೆಗೆಡಿಸುವ ಪಾಪಪ್ರಜ್ಞೆ ಇವೆ. ಮೊದಲ ಕಥೆಯಲ್ಲಿ ಆಕೆ ಕೊಸೊವೊದಲ್ಲಿ ರಷ್ಯದ ಮಾಜಿ ಸೇನಾಧಿಕಾರಿಯೊಬ್ಬನನ್ನು ದೂರದಿಂದ ಗುಂಡಿಟ್ಟು ಕೊಂದು, ಗಾಯಗೊಂಡು ಲಂಡನ್ನಿಗೆ ಮರಳುತ್ತಾಳೆ. ಸೇಡಿಗಾಗಿ ಸಂಸ್ಥೆಯ ಕೇಂದ್ರ ಕಚೇರಿಯ ಮೇಲೆಯೇ ರಾಕೆಟ್ ದಾಳಿ ನಡೆಯುತ್ತದೆ. ದಾಳಿಕೋರರನ್ನು ಹಿಡಿಯಲು ಮೇಲಧಿಕಾರಿಗಳು ಆಕೆಯನ್ನೇ ಎರೆಯಾಗಿ ಒಡ್ಡುತ್ತಾರೆ. ದಾಳಿಯ ಪ್ರಸಂಗ ಬರೀ ಕಲ್ಪನೆ ಎನ್ನುವಂತಿಲ್ಲ: 2000ದ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವಾಕ್ಸ್‌ಹಾಲ್‌ನಲ್ಲಿರುವ ಆ ಸಂಸ್ಥೆಯ ಕಟ್ಟಡಕ್ಕೆ ನಿಜವಾಗಿಯೂ ರಾಕೆಟ್ ಬಡಿದಿತ್ತು.

ಹೊಡೆದಾಟಕ್ಕಿಂತ ಕಚೇರಿಯೊಳಗಿನ ಜಗ್ಗಾಟವೇ ಈ ಮಾಲೆಯ ನಿಜವಾದ ಬಲ. ಕಾರ್ಯಾಚರಣೆ ನಿರ್ದೇಶಕ ಪಾಲ್ ಕ್ರಾಕರ್ ಶತ್ರುಗಳಷ್ಟೇ ತನ್ನ ಮೇಲಿನವರೊಂದಿಗೂ ಗುದ್ದಾಡಬೇಕು. ಇದಕ್ಕೆ ಪ್ರೇರಣೆ, 1978ರಿಂದ 1980ರವರೆಗೆ ಪ್ರಸಾರವಾದ ಬ್ರಿಟಿಷ್ ಟಿ.ವಿ. ಧಾರಾವಾಹಿ ‘ದ ಸ್ಯಾಂಡ್‌ಬ್ಯಾಗರ್ಸ್’.

ಚಿತ್ರಕಾರರು ಕಥೆಯಿಂದ ಕಥೆಗೆ ಬದಲಾಗುತ್ತಿದ್ದರು. ಮೊದಲನೆಯದನ್ನು ಬರೆದು ಚಿತ್ರಿಸಿದ ಜೋಡಿ ರುಕ ಮತ್ತು ಸ್ಟೀವ್ ರೋಲ್ಸ್‌ಟನ್. 2002ರಲ್ಲಿ ‘ಕ್ವೀನ್ ಅಂಡ್ ಕಂಟ್ರಿ’ಗೆ ಅತ್ಯುತ್ತಮ ಹೊಸ ಮಾಲೆಯ ಐಸ್ನರ್ ಪ್ರಶಸ್ತಿ ಬಂತು. ತಾರಾಳ ಕಥೆಯನ್ನು ರುಕ 2004, 2005 ಮತ್ತು 2010ರಲ್ಲಿ ಮೂರು ಕಾದಂಬರಿಗಳಾಗಿಯೂ ಮುಂದುವರಿಸಿದರು.