ತಟ್ಟೆಯ ಬೆನ್ನಿನ ಜಾತಕ

ಪಿಂಗಾಣಿ ತಟ್ಟೆಯ ಹೂವನ್ನು ಎಲ್ಲರೂ ನೋಡುತ್ತಾರೆ, ಬೆನ್ನನ್ನು ನೋಡುವವರು ಕಡಿಮೆ. ಆದರೆ ಮಕ್ಕಳೇ, ಅದರ ಜಾತಕ ಇರುವುದು ಬೆನ್ನಿನಲ್ಲೇ!

ನಮ್ಮ ಮನೆಯಲ್ಲಿ ಅಂಥದ್ದೊಂದು ಹಳೆಯ ತಟ್ಟೆ ಇದೆ. ಅಂಡಾಕಾರ, ಎರಡು ಗೇಣು ಉದ್ದ. ಅಂಚಿನ ಸುತ್ತ ಗುಲಾಬಿ ಬಳ್ಳಿ, ನಡುವೆ ಹೂಗೊಂಚಲು. ವರಮಹಾಲಕ್ಷ್ಮಿ ಹಬ್ಬಕ್ಕೆ ಅದರ ತುಂಬ ಹಣ್ಣು, ದಸರೆಯಲ್ಲಿ ಗೊಂಬೆ ಬಾಗಿನ. ಎಲ್ಲಿಂದ ಬಂತು ಎಂದರೆ ಮಾತ್ರ ಬಾಯಿಗೊಂದು ಕಥೆ. ಚಿಕ್ಕಮಗಳೂರಿನ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಕೊಟ್ಟದ್ದು ಎನ್ನುತ್ತಾರೆ ದೊಡ್ಡಮಾವ. ಬೆಂಗಳೂರು ದಂಡಿನ ಹರಾಜಿನಲ್ಲಿ ಕೊಂಡದ್ದು ಎನ್ನುತ್ತಾರೆ ಸೋದರತ್ತೆ. "ನಾನು ಸೊಸೆಯಾಗಿ ಬಂದಾಗಲೇ ಇತ್ತಮ್ಮ, ನಮ್ಮತ್ತೆಯನ್ನು ಕೇಳಬೇಕಿತ್ತು" ಎನ್ನುತ್ತಾರೆ ನಮ್ಮ ಅತ್ತೆ.

ಈ ಸಲದ ಹಬ್ಬಕ್ಕೆ ಏಳನೇ ತರಗತಿಯ ನನ್ನ ಮಗಳು ಒಂದು ಬಾಂಬ್ ಹಾಕಿದಳು. "ಅಜ್ಜಿ, ಬೋನ್ ಚೈನಾದಲ್ಲಿ ನಿಜವಾಗಲೂ ಮೂಳೆ ಇರುತ್ತಂತೆ. ಇದೂ ಅದೇನಾ?"

ಅತ್ತೆ ಕೈಯಲ್ಲಿದ್ದ ಬಾಳೆಹಣ್ಣಿನ ಚಿಪ್ಪನ್ನು ಹಾಗೇ ಕೆಳಗಿಟ್ಟರು. "ಅಯ್ಯೋ, ಐವತ್ತು ವರ್ಷದಿಂದ ಇದರಲ್ಲೇ ದೇವರಿಗೆ ಹಣ್ಣಿಟ್ಟೆನಲ್ಲೇ!" ಕಣ್ಣಲ್ಲಿ ನೀರು. ತಟ್ಟೆ ದೇವರ ಮನೆಯಿಂದ ಹೊರಗೆ ಬಂತು. ಸತ್ಯ ತಿಳಿಯುವವರೆಗೆ ಒಳಗಿಲ್ಲ ಎಂದುಬಿಟ್ಟರು.

ಮಗಳು ಹೇಳಿದ್ದು ನಿಜವೇ. ಇಂಗ್ಲೆಂಡಿನ ಸ್ಟೋಕ್ ಎಂಬ ಊರಿನಲ್ಲಿ 1790ರ ದಶಕದಲ್ಲಿ ಜೋಸಯ್ಯ ಸ್ಪೋಡ್ ಎಂಬ ಕುಂಬಾರಿಕೆಯ ಉದ್ಯಮಿ ಬೋನ್ ಚೈನಾವನ್ನು ಹದಕ್ಕೆ ತಂದ. ಪ್ರಾಣಿಗಳ ಮೂಳೆಯನ್ನು ಸುಟ್ಟು ಮಾಡಿದ ಬೂದಿಯೇ ಅದರಲ್ಲಿ ಸುಮಾರು ಅರ್ಧ ಭಾಗ. ಹಾಗಾದರೆ ನಮ್ಮ ತಟ್ಟೆ? ನಾವಿಬ್ಬರೂ ಪತ್ತೇದಾರಿಗೆ ಇಳಿದೆವು.

ಬೆಳಕಿನ ಪರೀಕ್ಷೆ

ಕೋಣೆಯ ದೀಪ ಆರಿಸಿ, ತಟ್ಟೆಯ ಹಿಂದೆ ಟಾರ್ಚ್ ಹಿಡಿದೆವು. ಬೋನ್ ಚೈನಾ ಆಗಿದ್ದರೆ ತೆಳುವಾದ ಕಡೆ ಬೆಳಕು ಹಾಲುಗೆನೆಯ ಬಣ್ಣದಲ್ಲಿ ಹಾದು ಬರುತ್ತದೆ, ಹಿಂದೆ ಆಡಿಸಿದ ಬೆರಳಿನ ನೆರಳೂ ಕಾಣುತ್ತದೆ. ನಮ್ಮ ತಟ್ಟೆಯ ತೆಳು ಅಂಚಿನಲ್ಲೂ ಬೆಳಕು ದಾಟಲಿಲ್ಲ. ಅಂಚು ಒಂದು ಕಡೆ ಮುಕ್ಕಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಗಾಜಿನ ಹೊಳಪಿಲ್ಲ, ಸೀಮೆಸುಣ್ಣದಂತೆ ಮಂಕು. ಎರಡೂ ಹೇಳುವುದು ಒಂದೇ: ಇದು ಬಿಳಿ ಜೇಡಿಮಣ್ಣಿನಲ್ಲಿ ಮಾಡಿ, ಮೇಲೆ ಗಾಜಿನಂಥ ಲೇಪ ಕೊಟ್ಟು ಸುಟ್ಟ ಪಾತ್ರೆ, ಬೋನ್ ಚೈನಾ ಅಲ್ಲ.

ಹೂಬಳ್ಳಿಯ ಬೆಸುಗೆ

ಅಂಚಿನ ಬಳ್ಳಿಯ ಮೇಲೆ ಮಗಳು ಬೆರಳಾಡಿಸುತ್ತಾ ಹೋದಳು. ಒಂದು ಕಡೆ ಅರ್ಧ ಎಲೆ ಪಕ್ಕದ ಎಲೆಗೆ ಸರಿಯಾಗಿ ಕೂಡಿಯೇ ಇಲ್ಲ! ಅದೇ ಅಚ್ಚಿನ ಗುರುತು. ತಾಮ್ರದ ಫಲಕದಲ್ಲಿ ಚಿತ್ರ ಕೆತ್ತಿ, ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ತಟ್ಟೆಗೆ ಒತ್ತುತ್ತಿದ್ದರು. ಕಾಗದದ ಎರಡು ತುದಿ ಸೇರುವಲ್ಲಿ ಹೀಗೆ ತಪ್ಪುತ್ತದೆ. ನಮ್ಮದರಲ್ಲಿ ಗೆರೆಗಳು ಅಚ್ಚಿನವು, ಗುಲಾಬಿಯ ಕೆಂಪು ಮಾತ್ರ ಕುಂಚದ್ದು. ಒಂದು ಹೂವಿನ ಬಣ್ಣ ಗೆರೆ ದಾಟಿದೆ.

ಮೂರು ಚುಕ್ಕೆ, ಒಂದು ಅಂಕಿ

ತಟ್ಟೆಯನ್ನು ಮಡಿಸಿದ ಟವೆಲ್ ಮೇಲೆ ಬೋರಲು ಹಾಕಿದೆವು. ಬೆನ್ನಿನಲ್ಲಿ ಮೂರು ಒರಟು ಚುಕ್ಕೆ. ಬಿಸಿಯಲ್ಲಿ ಲೇಪ ಕರಗಿ ಪಾತ್ರೆಗಳು ಒಂದಕ್ಕೊಂದು ಅಂಟದಿರಲೆಂದು ಭಟ್ಟಿಯಲ್ಲಿ ಚೂಪು ತುದಿಯ ಪುಟ್ಟ ಆಸರೆಗಳನ್ನು ಇಡುತ್ತಿದ್ದರು, ಅವುಗಳ ಗುರುತು ಇದು. ಪಕ್ಕದಲ್ಲಿ ಕುಂಚದಲ್ಲಿ ಬರೆದ ಒಂದು ಅಂಕಿ. ಅದು ವಿನ್ಯಾಸದ ಸಂಖ್ಯೆ ಇರಬೇಕು. ತಟ್ಟೆ ಒಡೆದರೆ ಅದೇ ಹೂವಿನ ಇನ್ನೊಂದನ್ನು ತರಿಸಿಕೊಳ್ಳಲು ಇಂಥ ಸಂಖ್ಯೆಗಳು ನೆರವಾಗುತ್ತಿದ್ದವು.

ದೇಶದ ಹೆಸರು ಇಲ್ಲ. ಇದ್ದಿದ್ದರೆ ಕಾಲವೂ ಸಿಗುತ್ತಿತ್ತು. ಅಮೆರಿಕಕ್ಕೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರಿರಬೇಕು ಎಂಬ ಕಾನೂನು 1891ರಲ್ಲಿ ಜಾರಿಗೆ ಬಂತು. ಜಪಾನಿನವರು ಮೊದಲು 'ನಿಪ್ಪಾನ್' ಎಂದು ಹಾಕಿ, 1921ರಿಂದ 'ಜಪಾನ್' ಎಂದು ಬದಲಿಸಿದರು. ನಮ್ಮದು 1891ಕ್ಕಿಂತ ಹಳೆಯದಿರಬಹುದು, ಅಮೆರಿಕದ ಕಡೆಗೆ ಹೋಗದ ಸರಕೂ ಇರಬಹುದು. ಹೊರದೇಶದ ಪಿಂಗಾಣಿ ನಮ್ಮ ನಾಡಿಗೆ ಬಂದದ್ದೇನೂ ನಿನ್ನೆ ಮೊನ್ನೆಯಲ್ಲ. ಹಂಪಿಯ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ.

ದೊರೆಯೋ ಹರಾಜೋ ಎಂಬುದು ತೀರ್ಮಾನವಾಗಲಿಲ್ಲ. ಆದರೆ ಮೂಳೆಯ ಅನುಮಾನ ಕಳೆಯಿತು. ಅತ್ತೆ ತಾವೇ ಟಾರ್ಚ್ ಹಿಡಿದು ಎರಡು ಸಲ ನೋಡಿ, ತಟ್ಟೆ ತೊಳೆದು ಹಣ್ಣು ಜೋಡಿಸಿದರು.

ಅಜ್ಜಿಯರಿಗೆ ಒಂದು ಮಾತು. ಹಳೆಯ ಪಿಂಗಾಣಿಯ ಲೇಪ, ಬಣ್ಣಗಳಲ್ಲಿ ಸೀಸ ಇರುವುದುಂಟು. ಹುಳಿ ತಗುಲಿದರೆ ಅದು ಆಹಾರಕ್ಕೆ ಇಳಿಯುತ್ತದೆ. ಮಕ್ಕಳ ಮಿದುಳಿಗೆ ಸೀಸ ಬಹಳ ಕೆಟ್ಟದ್ದು. ಚಿತ್ರಾನ್ನ, ಉಪ್ಪಿನಕಾಯಿ, ನಿಂಬೆಹಣ್ಣು ಹಿಂಡಿದ ಕೋಸಂಬರಿ ಇವಕ್ಕೆ ಸ್ಟೀಲ್ ಪಾತ್ರೆಯೇ ಸರಿ. ಇಂಥ ತಟ್ಟೆಗೆ ಸಿಪ್ಪೆ ಸುಲಿಯದ ಹಣ್ಣು, ತೆಂಗಿನಕಾಯಿ, ಹೂವು ಸಾಕು.

ಮಕ್ಕಳಿಗೂ ಒಂದು ಕೆಲಸ. ತಟ್ಟೆಯ ಬೆನ್ನು ಎಲ್ಲವನ್ನೂ ಹೇಳುವುದಿಲ್ಲ. ಯಾರು ತಂದರು, ಯಾರ ಮದುವೆಯಲ್ಲಿ ಬಡಿಸಿದರು ಎಂಬುದು ಅಜ್ಜ ಅಜ್ಜಿಯರ ನೆನಪಿನಲ್ಲಷ್ಟೇ ಇರುತ್ತದೆ. ನನ್ನ ಮಗಳು ಮನೆಯವರ ಕಥೆಗಳನ್ನೆಲ್ಲ, ಹೇಳಿದವರು ಯಾರು, ಯಾವ ದಿನ ಎಂಬುದರ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ. ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ತಟ್ಟೆಯೋ ಜಾಡಿಯೋ ಇದ್ದೀತು. ದೊಡ್ಡವರಿಂದ ಇಳಿಸಿಕೊಳ್ಳಿ, ಬೆನ್ನು ನೋಡಿ, ಆಮೇಲೆ ಅಜ್ಜಿಯ ಪಕ್ಕ ಪೆನ್ಸಿಲ್ ಹಿಡಿದು ಕೂತುಕೊಳ್ಳಿ.